‘ಯಾವ ಬೋನ್ ಪೌಡರ್?’ ಅನ್ನೋದು ಮೂರನೇ ಪ್ರಶ್ನೆ

ಹೋದ ವರ್ಷ ಗೌರಿ ಹಬ್ಬದ ಹಿಂದುಮುಂದು ನನ್ನ ಚಿಕ್ಕಮ್ಮ ಹಾಸನಕ್ಕೆ ಬಂದಿದ್ದರು. ಬೇಲೂರು ಕಡೆ ಅವರದು ಸಣ್ಣ ಕಾಫಿ ತೋಟ. ಕೆಳದವಡೆಯ ಒಂದು ಹಲ್ಲು ಅಲ್ಲಾಡುತ್ತಿತ್ತು. ಚಕ್ಕುಲಿ ಬಿಡಿ, ಅಕ್ಕಿ ರೊಟ್ಟಿ ಕಡಿಯೋಕೂ ಕಷ್ಟ. ಒಂದು ಕ್ಲಿನಿಕ್‌ನಲ್ಲಿ ಎಕ್ಸ್‌ರೇ ತೆಗೆದು, ‘ಹಲ್ಲಿನ ಸುತ್ತ ಮೂಳೆ ಕರಗಿದೆ, ಬೋನ್ ಗ್ರಾಫ್ಟ್ ಮಾಡಿಸಬೇಕು’, ಅಂದರೆ ಕರಗಿದ ಜಾಗಕ್ಕೆ ಮೂಳೆಯಂಥ ಪುಡಿ ತುಂಬಿಸಬೇಕು, ಎಂದು ಒಂದು ಚೀಟಿ ಬರೆದುಕೊಟ್ಟರು. ಚೀಟಿಯಲ್ಲಿ ಮೂರು ಸಾಲು. ಇಂಡಿಯನ್ ಪೌಡರ್ ಆದರೆ ಇಷ್ಟು. ಇಂಪೋರ್ಟೆಡ್ ಪೌಡರ್ ಆದರೆ ಇಷ್ಟು. ಇಂಪೋರ್ಟೆಡ್ ಜೊತೆಗೆ ಮೆಂಬ್ರೇನ್ (ಮೇಲೆ ಹೊದಿಸುವ ತೆಳು ಹಾಳೆ) ಆದರೆ ಇಷ್ಟು. ಮನೆಗೆ ಹೋಗಿ ಯೋಚನೆ ಮಾಡಿ ಹೇಳಿ ಅಂದರಂತೆ.

ಚಿಕ್ಕಮ್ಮ ಚೀಟಿ ನನ್ನ ಕೈಗೆ ಕೊಟ್ಟರು. ‘ಯಾವುದು ಹಾಕಿಸಲಿ? ಗೊಬ್ಬರದ ಅಂಗಡೀಲಿ ಕೇಳ್ದಂಗೆ ಕೇಳ್ತಾರಲ್ಲ!’

ನಾನು ನಕ್ಕೆ. ಆಮೇಲೆ ಯೋಚಿಸಿದರೆ ಅವರ ಮಾತಿನಲ್ಲಿ ತೂಕ ಇತ್ತು. ಗೊಬ್ಬರ ಯಾವುದು ಅಂತ ಕೇಳುವ ಮೊದಲು, ಮಣ್ಣು ಎಂಥದ್ದು, ಗುಂಡಿ ಎಲ್ಲಿ ತೋಡಿದ್ದೀರಿ ಅಂತ ತೋಟದವರು ಯಾರಾದರೂ ಕೇಳುತ್ತಾರೆ. ಆ ಚೀಟಿಯಲ್ಲಿ ಗುಂಡಿಯ ಸುದ್ದಿಯೇ ಇರಲಿಲ್ಲ. ಗುಂಡಿಯನ್ನು ಹೇಗೆ ತೆರೆದು ಹೇಗೆ ಮುಚ್ಚುತ್ತೇವೆ ಅನ್ನೋದೂ ಇರಲಿಲ್ಲ. ನೇರವಾಗಿ ಪೌಡರ್‌ಗೆ ಬಂದುಬಿಟ್ಟಿದ್ದರು.

ಈಗ ನಮ್ಮ ಹಾಸನ, ಚಿಕ್ಕಮಗಳೂರಿನಲ್ಲೂ ‘ಸಣ್ಣ ಗಾಯದ ವಸಡು ಸರ್ಜರಿ’ಯ ಮಾತು ಕೇಳಿಬರುತ್ತದೆ. ಡಾಕ್ಟರ್‌ಗಳ ಭಾಷೆಯಲ್ಲಿ ಮಿನಿಮಲಿ ಇನ್ವೇಸಿವ್. ಒಳ್ಳೆಯ ಬೆಳವಣಿಗೆಯೇ. ಆದರೆ ಗಾಯ ಸಣ್ಣದಾದಾಗ ಗ್ರಾಫ್ಟ್‌ನ ಲೆಕ್ಕಾಚಾರವೇ ಬದಲಾಗುತ್ತದೆ. ಅದು ರೇಟಿನ ಚೀಟಿಗಳಿಗೆ ಇನ್ನೂ ತಲುಪಿಲ್ಲ ಅಂತ ನನಗೆ ಅನಿಸುತ್ತದೆ.

ಮೊದಲು ಗುಂಡಿ

ಆರೋಗ್ಯವಾದ ವಸಡಿಗೂ ಹಲ್ಲಿಗೂ ನಡುವೆ 1ರಿಂದ 3 ಮಿಲಿಮೀಟರ್ ಸಂದು ಇರುತ್ತದೆ. ಅಲ್ಲಿ ಪಾಚಿಯಂಥ ಪ್ಲಾಕ್ ಕೂತು ಗಟ್ಟಿಯಾಗುತ್ತದೆ. ವಸಡು ಊದಿಕೊಳ್ಳುತ್ತದೆ. ಸಂದು ಆಳವಾಗುತ್ತಾ ಹೋಗುತ್ತದೆ. ಇದೇ ಪಾಕೆಟ್. ಬ್ಯಾಕ್ಟೀರಿಯಾ ನೇರವಾಗಿ ಮೂಳೆ ತಿನ್ನುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅದರ ಜೊತೆ ಕಾದಾಡುವ ನಮ್ಮ ದೇಹವೇ, ಆ ಉರಿಯೂತದಲ್ಲಿ, ತನ್ನ ಮೂಳೆಯನ್ನು ಕರಗಿಸಿಕೊಂಡು ಹಿಂದೆ ಸರಿಯುತ್ತದೆ.

ಮೂಳೆ ಕರಗುವ ರೀತಿ ಎರಡು. ಶೆಟ್ಟಿಹಳ್ಳಿಯ ಹಳೇ ಚರ್ಚ್ ನೋಡಿದ್ದೀರಲ್ಲ? ಮಳೆಗಾಲದಲ್ಲಿ ಹೇಮಾವತಿ ಹಿನ್ನೀರು ಅರ್ಧ ಗೋಡೆ ಮುಚ್ಚಿರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಬುಡದವರೆಗೂ ಕಾಣುತ್ತದೆ. ಕೆಲವರ ಬಾಯಲ್ಲಿ ಮೂಳೆ ಹೀಗೆ ಸಮನಾಗಿ ಇಳಿಯುತ್ತದೆ, ಹಲ್ಲುಗಳು ಉದ್ದವಾದ ಹಾಗೆ ಕಾಣುತ್ತವೆ. ಇಂಥಲ್ಲಿ ಗುಂಡಿ ಅನ್ನೋದೇ ಇಲ್ಲ. ಪೌಡರ್ ಹಾಕಿದರೂ ನಿಲ್ಲಲು ಜಾಗವಿಲ್ಲ. ಎಷ್ಟೇ ದುಬಾರಿ ಗ್ರಾಫ್ಟ್ ತಂದರೂ ಇಳಿದ ನೀರನ್ನು ಮೇಲೆ ಎತ್ತಲಾಗದು. ವಸಡಿನ ಕಾಯಿಲೆ ಇರುವ ಬಹಳಷ್ಟು ಜನರ ಮೂಳೆ ಇಳಿದಿರುವುದು ಈ ರೀತಿಯೇ. ಅವರಿಗೆ ಬೇಕಾದದ್ದು ಒಳ್ಳೆಯ ಕ್ಲೀನಿಂಗ್ ಮತ್ತು ಕಾಯಂ ನಿಗಾ.

ಎರಡನೇ ರೀತಿಯಲ್ಲಿ ಒಂದೇ ಹಲ್ಲಿನ ಪಕ್ಕದಲ್ಲಿ ಮೂಳೆ ಕೊರೆದ ಹಾಗೆ ಕೆಳಗಿಳಿದಿರುತ್ತದೆ. ಗ್ರಾಫ್ಟ್‌ನ ಮಾತು ಶುರುವಾಗುವುದೇ ಇಲ್ಲಿ. ಆದರೆ ಗುಂಡಿಗಳೆಲ್ಲ ಒಂದೇ ಅಲ್ಲ. ಇಳಿಜಾರಿನಲ್ಲಿ ಕಾಫಿ ಗಿಡಕ್ಕೆ ಗುಂಡಿ ತೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸುತ್ತಲೂ ಗೋಡೆ ಇರುವ ಗುಂಡಿಯಲ್ಲಿ ಹಾಕಿದ ಮಣ್ಣು ಜೋರು ಮಳೆಗೂ ಜಗ್ಗುವುದಿಲ್ಲ. ಕೆಳಗಿನ ಬದಿ ಒಡೆದಿದ್ದರೆ ಅರ್ಧ ಮಣ್ಣು ಹೋಗುತ್ತದೆ. ಒಂದೇ ಬದಿಗೆ ಗೋಡೆ ಉಳಿದಿದ್ದರೆ ಅದನ್ನು ಗುಂಡಿ ಅಂತ ಕರೆಯೋದೂ ದಂಡ. ದಂತ ವೈದ್ಯರೂ ಮೂರು ಗೋಡೆ, ಎರಡು ಗೋಡೆ, ಒಂದು ಗೋಡೆ ಎಂದೇ ಲೆಕ್ಕ ಹಾಕುತ್ತಾರೆ. ಹಲ್ಲಿನ ಬೇರನ್ನು ಬಿಟ್ಟು ಉಳಿದ ಮೂರು ಬದಿಯಲ್ಲಿ ಎಷ್ಟು ಕಡೆ ಮೂಳೆ ಉಳಿದಿದೆ ಅನ್ನೋದು ಲೆಕ್ಕ. ಮೂರು ಗೋಡೆಯದು ತಾನಾಗಿಯೇ ತುಂಬಿಕೊಳ್ಳುವ ಸಂಭವ ಜಾಸ್ತಿ. ಒಂದು ಗೋಡೆಯದು ಯಾವ ಪೌಡರ್‌ಗೂ ಸುಲಭಕ್ಕೆ ಬಗ್ಗುವುದಿಲ್ಲ.

ಅಗಲವೂ ಮುಖ್ಯ. ಎಕ್ಸ್‌ರೇಯಲ್ಲಿ ಬೇರಿಗೂ ಗುಂಡಿಯ ಗೋಡೆಗೂ ನಡುವಿನ ಕೋನ ಅಳೆಯಬಹುದು. ಇಟಲಿಯ ಪಿಯೆರ್‌ಪಾವೊಲೊ ಕೊರ್ಟೆಲ್ಲಿನಿ ಮತ್ತು ಮೌರಿಜಿಯೊ ಟೊನೆಟ್ಟಿ 1999ರಲ್ಲಿ ತೋರಿಸಿದ್ದು ಇದನ್ನೇ. ಕೋನ 25 ಡಿಗ್ರಿ ಅಥವಾ ಕಡಿಮೆ ಇದ್ದ ಕಿರಿದಾದ ಗುಂಡಿಗಳು, 37 ಡಿಗ್ರಿಗಿಂತ ಅಗಲವಾದವಕ್ಕಿಂತ ಸುಮಾರು ಒಂದೂವರೆ ಮಿಲಿಮೀಟರ್ ಹೆಚ್ಚು ಚೇತರಿಸಿಕೊಂಡಿದ್ದವು. ಬಾಯೊಳಗೆ ಒಂದೂವರೆ ಮಿಲಿಮೀಟರ್ ಅಂದರೆ ಸಣ್ಣದಲ್ಲ.

ಯುರೋಪಿನ ವಸಡು ತಜ್ಞರ ಒಕ್ಕೂಟ 2020ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಇದೇ ಕ್ರಮ. ಮೊದಲು ಬ್ರಷ್ ಮಾಡುವ ರೀತಿ ಸರಿಪಡಿಸಿ. ಆಮೇಲೆ ಬೇರಿನವರೆಗೂ ಕ್ಲೀನಿಂಗ್. ಕಾದು ಮತ್ತೆ ಅಳೆಯಿರಿ. ಆಗಲೂ ಆಳವಾದ ಪಾಕೆಟ್ ಉಳಿದು, ಮೂಳೆಯಲ್ಲಿ 3 ಮಿಲಿಮೀಟರ್ ಅಥವಾ ಹೆಚ್ಚು ಆಳದ ಗುಂಡಿ ಇದ್ದರೆ ಮೂಳೆ ಬೆಳೆಸುವ ಸರ್ಜರಿ ಮಾಡಿ. ಅಂದರೆ ಮೊದಲ ದಿನವೇ, ಬರೀ ಎಕ್ಸ್‌ರೇ ನೋಡಿ, ಗ್ರಾಫ್ಟ್‌ನ ರೇಟ್ ಹೇಳುವ ಪ್ರಮೇಯವೇ ಬರಬಾರದು. ಚಿಕ್ಕಮ್ಮನ ಪಾಕೆಟ್‌ಗಳನ್ನು ಆ ದಿನ ಕಡ್ಡಿ ಹಾಕಿ ಅಳೆದೂ ಇರಲಿಲ್ಲ.

ಎರಡನೆಯದು ಬಾಗಿಲು

ಹಳೇ ಕಾಲದ ಫ್ಲ್ಯಾಪ್ ಸರ್ಜರಿಯಲ್ಲಿ ನಾಲ್ಕೈದು ಹಲ್ಲುಗಳ ವಸಡನ್ನು ಎರಡೂ ಕಡೆ ಬಿಡಿಸಿ, ಪುಸ್ತಕದ ಹಾಳೆಯಂತೆ ಮಡಚಿ, ಕ್ಲೀನ್ ಮಾಡಿ ಹೊಲಿಯುತ್ತಿದ್ದರು. ಈಗಲೂ ಬೇಕಾದ ಕಡೆ ಮಾಡುತ್ತಾರೆ. ಕೆಲಸ ಸ್ಪಷ್ಟವಾಗಿ ಕಾಣುತ್ತದೆ ಅನ್ನೋದು ಅದರ ಲಾಭ. ಆದರೆ ಎರಡು ಹಲ್ಲುಗಳ ನಡುವಿನ ತ್ರಿಕೋನದ ವಸಡು ತುಂಡಾಗುತ್ತದೆ. ಗುಂಡಿಯ ಸರಿ ಮೇಲಿರುವುದೇ ಅದು. ಮನೆಗೆ ಹೆಂಚು ಹಾಗೇ ಇದು. ಹೆಂಚು ತೆಗೆದು ಮತ್ತೆ ಹೊದಿಸಿದರೆ ಎಲ್ಲೋ ಒಂದು ಕಡೆ ಸೋರುವುದು ಗ್ಯಾರಂಟಿ, ಅಲ್ವಾ?

1985ರಲ್ಲಿ ಹೆನ್ರಿ ಟಕೈ ಮತ್ತು ಸಂಗಡಿಗರು ಈ ತ್ರಿಕೋನವನ್ನು ಇಡಿಯಾಗಿ ಉಳಿಸಿ ತೆರೆಯುವ ಒಂದು ಕ್ರಮ ಕೊಟ್ಟರು. 1995ರಲ್ಲಿ ಅಮೆರಿಕದ ಸ್ಟೀಫನ್ ಹ್ಯಾರೆಲ್ ಮತ್ತು ಟೆರ‍್ರಿ ರೀಸ್ ‘ಮಿನಿಮಲಿ ಇನ್ವೇಸಿವ್ ಸರ್ಜರಿ’ ಎಂಬ ಹೆಸರನ್ನೇ ವಸಡಿಗೆ ತಂದರು. 2007ರಲ್ಲಿ ಕೊರ್ಟೆಲ್ಲಿನಿ, ಟೊನೆಟ್ಟಿ ಅದನ್ನು ಇನ್ನೂ ಕಿರಿದು ಮಾಡಿದರು. 2009ರಲ್ಲಿ ಮತ್ತೊಂದು ಹೆಜ್ಜೆ. ತ್ರಿಕೋನವನ್ನು ಎತ್ತುವುದೇ ಇಲ್ಲ. ಕೆನ್ನೆಯ ಕಡೆಯಿಂದ ಒಂದು ಕಿಟಕಿಯಷ್ಟೇ ತೆರೆದು, ಸೂರಿನ ಕೆಳಗೇ ಕೈ ಹಾಕಿ, ಕೊಳೆತದ್ದನ್ನು ತೆಗೆದು, ಬೇರು ಉಜ್ಜಿ, ಕಿಟಕಿ ಮುಚ್ಚುವುದು. ಇದಕ್ಕೆ ದೊಡ್ಡದಾಗಿ ತೋರಿಸುವ ಕನ್ನಡಕ ಅಥವಾ ಮೈಕ್ರೋಸ್ಕೋಪ್ ಬೇಕು. ಕೂದಲಿನಷ್ಟು ಸಣ್ಣ ದಾರ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಪಳಗಿದ ಕೈ ಬೇಕು.

ಯಾಕಿಷ್ಟು ಕಷ್ಟ? ಗುಂಡಿಯಲ್ಲಿ ತುಂಬಿಕೊಳ್ಳುವ ರಕ್ತದ ಹೆಪ್ಪಿಗಾಗಿ. 1976ರಲ್ಲಿ ಮೆಲ್ಚರ್ ಎಂಬ ವಿಜ್ಞಾನಿ ಒಂದು ಸರಳ ಮಾತು ಹೇಳಿದರು. ಕ್ಲೀನ್ ಮಾಡಿದ ಬೇರಿನ ಮೇಲೆ ಯಾವ ಜೀವಕೋಶ ಮೊದಲು ಬಂದು ಕೂರುತ್ತದೋ, ಅಲ್ಲಿ ಅದರದ್ದೇ ರಾಜ್ಯ. ವಸಡಿನ ಮೇಲ್ಪದರ ಎಲ್ಲಕ್ಕಿಂತ ಬೇಗ ಓಡುತ್ತದೆ. ಮೂಳೆ ನಿಧಾನ. ಹಲ್ಲನ್ನು ಮೂಳೆಗೆ ಕಟ್ಟಿಡುವ ನಾರುಗಳನ್ನು ಹೊಸೆಯಬಲ್ಲ ಕೋಶಗಳಿಗೂ ಸಮಯ ಬೇಕು. ಮೇಲ್ಪದರವನ್ನು ತಡೆದು, ನಿಧಾನವಾಗಿ ಬರುವವರಿಗೆ ಜಾಗ ಹಿಡಿದಿಡಬೇಕು. 1982ರಲ್ಲಿ ಸ್ವೀಡನ್‌ನ ಸ್ಟೂರೆ ನೈಮನ್ ತಂಡ ಮನುಷ್ಯರ ಹಲ್ಲಿನಲ್ಲಿ ಮೊದಲು ಇದನ್ನು ತೋರಿಸಿದಾಗ ಬಳಸಿದ ತಡೆಗೋಡೆ ಏನು ಗೊತ್ತಾ? ಪ್ರಯೋಗಾಲಯದಲ್ಲಿ ಸೋಸಲು ಬಳಸುವ ಫಿಲ್ಟರ್! ಇವತ್ತಿನ ದುಬಾರಿ ಮೆಂಬ್ರೇನ್‌ಗಳ ಅಜ್ಜ ಅದು.

ಈಗ ಯೋಚಿಸಿ. ಸೂರನ್ನು ಮುಟ್ಟದೆ ಕಿಟಕಿಯಿಂದ ಕೆಲಸ ಮಾಡಿದರೆ, ಆ ಸೂರೇ ಅರ್ಧ ಮೆಂಬ್ರೇನ್. ಹೆಪ್ಪು ಕದಲುವುದಿಲ್ಲ. ಹಾಗಾದರೆ ಪೌಡರ್ ಯಾಕೆ ಬೇಕು?

ಈ ಪ್ರಶ್ನೆಯನ್ನೇ ಕೊರ್ಟೆಲ್ಲಿನಿ, ಟೊನೆಟ್ಟಿ 2011ರಲ್ಲಿ ಪರೀಕ್ಷೆಗೆ ಇಟ್ಟರು. 45 ರೋಗಿಗಳು, 15 ಜನರ ಮೂರು ಗುಂಪು. ಮೂರೂ ಗುಂಪಿಗೆ ಅದೇ ಕಿಟಕಿ ಸರ್ಜರಿ. ಒಂದು ಗುಂಪಿಗೆ ಗುಂಡಿಯಲ್ಲಿ ಏನೂ ಹಾಕಲಿಲ್ಲ, ಬರೀ ರಕ್ತದ ಹೆಪ್ಪು. ಎರಡನೆಯದಕ್ಕೆ ಎನಾಮೆಲ್ ಪ್ರೋಟೀನಿನ ಜೆಲ್. ಮೂರನೆಯದಕ್ಕೆ ಜೆಲ್ ಜೊತೆಗೆ ಪ್ರಾಣಿಮೂಲದ ಮೂಳೆಹರಳು. ಒಂದು ವರ್ಷದ ನಂತರ ಬೇರಿಗೆ ಮತ್ತೆ ಅಂಟಿಕೊಂಡ ಅಳತೆ ಸರಾಸರಿ 4.1, 4.1 ಮತ್ತು 3.7 ಮಿಲಿಮೀಟರ್. ಅಂಕಿಅಂಶದ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ.

ಇದನ್ನು ಓದಿ ‘ಪೌಡರೆಲ್ಲ ಮೋಸ’ ಅಂತ ಹೊರಡಬೇಡಿ. ಗುಂಪಿಗೆ 15 ಜನ ಅಂದರೆ ಸಣ್ಣ ಪ್ರಯೋಗ. ಇಷ್ಟು ಜನರಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಕೆಲಸ ಮಾಡಿದ್ದು ಆ ವಿಧಾನವನ್ನು ಕಂಡುಹಿಡಿದ ಕೈ. ಆರಿಸಿದ್ದು ಕಿಟಕಿಯಿಂದ ತಲುಪಬಹುದಾದ ಗುಂಡಿಗಳನ್ನು. ಗುಂಡಿ ಬೇರಿನ ಹಿಂಬದಿಗೆ, ನಾಲಿಗೆಯ ಕಡೆಗೆ ಸುತ್ತಿಕೊಂಡಿದ್ದರೆ ಕಿಟಕಿ ಸಾಲದು, ಬಾಗಿಲೇ ತೆಗೆಯಬೇಕು. ಆದರೂ ಅದು ಹೇಳುವ ಒಂದು ಮಾತನ್ನು ತಳ್ಳಿಹಾಕಲಾಗದು. ಗೋಡೆ ಗಟ್ಟಿ ಇರುವ ಗುಂಡಿಯನ್ನು ಸಣ್ಣ ಗಾಯದಿಂದ ಸರಿಯಾಗಿ ಮುಚ್ಚಿದರೆ, ಒಳಗೆ ಏನು ಹಾಕಿದ್ದೇವೆ ಅನ್ನೋದರ ಪಾಲು ಚೀಟಿಯಲ್ಲಿ ಬರೆದಷ್ಟು ದೊಡ್ಡದಲ್ಲ.

ಈಗ ಪೌಡರ್

ಗ್ರಾಫ್ಟ್‌ಗೆ ಕನ್ನಡದಲ್ಲಿ ಕಸಿ ಅನ್ನುತ್ತಾರೆ. ಮಲೆನಾಡಿನವರಿಗೆ ಕಸಿ ಅಂದರೆ ಹಿಪ್ಪಲಿ ಬುಡಕ್ಕೆ ಕಟ್ಟಿದ ಮೆಣಸು. ಬುಡವೂ ಜೀವಂತ, ಕುಡಿಯೂ ಜೀವಂತ, ಎರಡೂ ಕೂಡಿ ಒಂದು ಗಿಡ. ಬೋನ್ ಪೌಡರ್ ಹಾಗಲ್ಲ. ಅಂಗಡಿಯಿಂದ ಬರುವ ಯಾವ ಪೌಡರಿನಲ್ಲೂ ಜೀವವಿಲ್ಲ. ಪೌಡರ್ ಅನ್ನೋ ಹೆಸರೂ ಸರಿಯಿಲ್ಲ, ಅದು ಹರಳು. ಸಾಮಾನ್ಯವಾಗಿ ಕಾಲು ಮಿಲಿಮೀಟರಿನಿಂದ ಒಂದು ಮಿಲಿಮೀಟರ್, ಹೆಚ್ಚುಕಡಿಮೆ ರವೆಯ ಹಾಗೆ. ಅದರ ಕೆಲಸ ಮೆಣಸಿನ ಬಳ್ಳಿಗೆ ಆಸರೆ ಮರ ಮಾಡುವ ಕೆಲಸ. ಹತ್ತಬೇಕಾದದ್ದು ಬಳ್ಳಿಯೇ.

ಆಸರೆ ಮರದಲ್ಲೂ ಬಗೆ ಇದೆಯಲ್ಲ? ಸಿಲ್ವರ್ ಓಕ್ ನೆಟ್ಟರೆ ದಶಕಗಟ್ಟಲೆ ನಿಲ್ಲುತ್ತದೆ. ಹಾಲವಾಣ ಬೇಗ ಚಿಗುರುತ್ತದೆ, ಬೇಗ ಹೋಗುತ್ತದೆ. ಗ್ರಾಫ್ಟ್‌ಗಳ ನಡುವಿನ ಮುಖ್ಯ ವ್ಯತ್ಯಾಸವೂ ಇಂಥದ್ದೇ. ಎಷ್ಟು ದಿನ ನಿಲ್ಲುತ್ತದೆ, ನಿಂತು ಬಳ್ಳಿಯನ್ನು ಕರೆಯುತ್ತದೋ ಸುಮ್ನೆ ನಿಲ್ಲುತ್ತದೋ ಅನ್ನೋದು.

‘ಇಂಪೋರ್ಟೆಡ್’ ಅಂತ ಬರೆದದ್ದು ಬಹಳ ಸಲ ದನದ ಮೂಳೆಯಿಂದ ಮಾಡಿದ್ದು. ಸ್ವಿಟ್ಜರ್ಲೆಂಡಿನ ಬಯೋ-ಆಸ್ ಇದರಲ್ಲಿ ಹೆಸರುವಾಸಿ. ಮೂಳೆಯೊಳಗಿನ ಪ್ರೋಟೀನು, ಕೊಬ್ಬು ಎಲ್ಲವನ್ನೂ ತೆಗೆದು ಖನಿಜದ ಚೌಕಟ್ಟು ಮಾತ್ರ ಉಳಿಸುತ್ತಾರೆ. ಇದು ಸಿಲ್ವರ್ ಓಕ್ ಜಾತಿ. ಕರಗುವುದು ತೀರಾ ನಿಧಾನ. ವರ್ಷಗಳಾದ ಮೇಲೆ ತೆಗೆದ ಮಾದರಿಯಲ್ಲೂ ಹರಳುಗಳು ಸಿಕ್ಕಿವೆ. ಅಗಲವಾದ, ಗೋಡೆ ಒಡೆದ ಗುಂಡಿಯಲ್ಲಿ ಮೇಲಿನ ವಸಡು ಒಳಗೆ ಕುಸಿಯದಂತೆ ಎತ್ತಿ ಹಿಡಿಯಲು ಇದು ಒಳ್ಳೆಯದು. ಇಂಪ್ಲಾಂಟ್‌ಗೆ (ದವಡೆಯಲ್ಲಿ ಕೂರಿಸುವ ಕೃತಕ ಬೇರಿಗೆ) ಮೊದಲು ದವಡೆಯ ಅಗಲ ಉಳಿಸಿಕೊಳ್ಳಲೂ ಇದನ್ನೇ ಹೆಚ್ಚು ನೆಚ್ಚುತ್ತಾರೆ. ಕಿರಿದಾದ ಮೂರು ಗೋಡೆಯ ಗುಂಡಿಗೆ ಇದನ್ನು ಒತ್ತಿ ತುಂಬುವುದು, ನನ್ನ ಅಭಿಪ್ರಾಯದಲ್ಲಿ, ಬಳ್ಳಿಗೆ ಬೇಕಾದ ಜಾಗವನ್ನು ಮರಕ್ಕೇ ಕೊಟ್ಟ ಹಾಗೆ.

‘ಇಂಡಿಯನ್’ ಅಂದರೆ ಕೀಳು ಅಂತೇನಿಲ್ಲ. ಅದು ಸಾಮಾನ್ಯವಾಗಿ ಕೃತಕ ಖನಿಜ ಆಗಿರಬಹುದು, ಅಥವಾ ನಮ್ಮಲ್ಲೇ ಸಂಸ್ಕರಿಸಿದ ಪ್ರಾಣಿಮೂಲದ್ದು. ಕೃತಕದಲ್ಲಿ ಹೈಡ್ರಾಕ್ಸಿಅಪಟೈಟ್ ನಿಧಾನಕ್ಕೆ ಕರಗುತ್ತದೆ. ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬೇಗ ಕರಗುತ್ತದೆ. ಎರಡನ್ನೂ ಬೆರೆಸಿದ್ದೂ ಸಿಗುತ್ತದೆ. ಇನ್ನೊಂದು ಬಯೋಆಕ್ಟಿವ್ ಗಾಜು. 1969ರಲ್ಲಿ ಅಮೆರಿಕದ ಲ್ಯಾರಿ ಹೆಂಚ್ ಕಂಡುಹಿಡಿದ, ಮೂಳೆಗೆ ನೇರವಾಗಿ ಅಂಟುವ ಗಾಜು. ಇದು ಹಿಟ್ಟಿನ ಉಂಡೆಯಂಥ ಪುಟ್ಟಿ ರೂಪದಲ್ಲೂ ಬರುತ್ತದೆ. ಸಣ್ಣ ಕಿಟಕಿಯಿಂದ ಕೆಲಸ ಮಾಡುವಾಗ ಇದೊಂದು ದೊಡ್ಡ ಅನುಕೂಲ. ರವೆಯನ್ನು ಕಿಟಕಿಯಿಂದ ಎಸೆಯುವುದಕ್ಕೂ ಉಂಡೆಯನ್ನು ಒತ್ತುವುದಕ್ಕೂ ಎಷ್ಟು ವ್ಯತ್ಯಾಸ!

ಕೃತಕ ವಸ್ತುಗಳ ಬಗ್ಗೆ ಒಂದು ತಕರಾರು ಹಳೆಯದು. ಪಾಕೆಟ್ ಆಳ ಕಡಿಮೆಯಾಗುತ್ತದೆ, ರೋಗಿಗೆ ಹಿತವೂ ಆಗುತ್ತದೆ. ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹಳ ಸಲ ಹರಳುಗಳು ನಾರಿನ ನಡುವೆ ಹೂತು ಕೂತಿರುತ್ತವೆ. ಹೊಸ ಮೂಳೆ, ಹೊಸ ನಾರು, ಬೇರಿನ ಮೇಲೆ ಹೊಸ ಪದರ, ಈ ಮೂರೂ ಒಟ್ಟಿಗೆ ಹುಟ್ಟಿದ್ದು ಕಾಣುವುದು ಅಪರೂಪ. ಗುಂಡಿ ತುಂಬುವುದು ಬೇರೆ, ಹಲ್ಲಿನ ಕಟ್ಟು ಮತ್ತೆ ಹುಟ್ಟುವುದು ಬೇರೆ.

ಇಲ್ಲೇ ಒಂದು ಎಚ್ಚರಿಕೆ. ಸರ್ಜರಿಯಾದ ಮಾರನೇ ವಾರದ ಎಕ್ಸ್‌ರೇ ತೋರಿಸಿ ‘ನೋಡಿ, ಮೂಳೆ ತುಂಬಿದೆ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ದನದ ಮೂಳೆಹರಳು, ಹೈಡ್ರಾಕ್ಸಿಅಪಟೈಟ್ ಎರಡೂ ಎಕ್ಸ್‌ರೇಯಲ್ಲಿ ಮೊದಲ ದಿನದಿಂದಲೇ ಬಿಳಿ. ನೀವು ನೋಡುತ್ತಿರುವುದು ಹಾಕಿದ ಸಾಮಾನನ್ನು, ಬೆಳೆದ ಮೂಳೆಯನ್ನಲ್ಲ. ಏನೂ ಹಾಕದೆ ಬರೀ ಹೆಪ್ಪು ಬಿಟ್ಟ ಗುಂಡಿ ತಿಂಗಳುಗಟ್ಟಲೆ ಕಪ್ಪಾಗಿಯೇ ಕಾಣುತ್ತದೆ, ಆಮೇಲೆ ನಿಧಾನಕ್ಕೆ ಬೆಳ್ಳಗಾಗುತ್ತದೆ. ಆ ಬಿಳುಪು ಮಾತ್ರ ಪೂರಾ ನಿಮ್ಮದೇ. ಫೋಟೋ ನೋಡಿ ತೀರ್ಮಾನಿಸುವವರಿಗೆ ದುಬಾರಿ ಪೌಡರ್ ಯಾವಾಗಲೂ ಗೆದ್ದ ಹಾಗೇ ಕಾಣುತ್ತದೆ, ಏನು ಮಾಡೋದು!

ಮನುಷ್ಯರ ಮೂಳೆಯಿಂದ ಮಾಡಿದ್ದೂ ಇದೆ. ದಾನಿಗಳ ಮೂಳೆಯನ್ನು ಶುದ್ಧಮಾಡಿ, ಮಂಜುಗಟ್ಟಿಸಿ ಒಣಗಿಸಿ, ಕೆಲವೊಮ್ಮೆ ಖನಿಜವನ್ನೂ ತೆಗೆದು ಕೊಡುತ್ತಾರೆ. ಖನಿಜ ತೆಗೆಯುವುದು ಯಾಕೆ? 1965ರಲ್ಲಿ ಮಾರ್ಷಲ್ ಯೂರಿಸ್ಟ್ ಅಂಥ ಮೂಳೆಯನ್ನು ಪ್ರಾಣಿಗಳ ಸ್ನಾಯುವಿನೊಳಗೆ ಇಟ್ಟಾಗ, ಮೂಳೆಯೇ ಇಲ್ಲದ ಆ ಜಾಗದಲ್ಲಿ ಹೊಸ ಮೂಳೆ ಹುಟ್ಟಿತ್ತು. ಒಳಗೆ ಅಡಗಿರುವ ಪ್ರೋಟೀನುಗಳು ಹೊರಬಂದು ಕೋಶಗಳನ್ನು ಕರೆಯುತ್ತವೆ. ಮನುಷ್ಯರ ಹಲ್ಲಿನ ಸುತ್ತ ಇದರಿಂದ ನಿಜವಾದ ಹೊಸ ಕಟ್ಟು ಹುಟ್ಟಿದ್ದನ್ನು 1989ರಲ್ಲಿ ಜೆರಾಲ್ಡ್ ಬವರ್ಸ್ ತಂಡ ತೋರಿಸಿತು. ನಮ್ಮ ದೇಶದಲ್ಲೂ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಟಿಶ್ಯೂ ಬ್ಯಾಂಕ್ 1988ರಿಂದ ಇದೆ, ಅಲ್ಲಿಂದ ಗಾಮಾ ಕಿರಣದಲ್ಲಿ ಶುದ್ಧಮಾಡಿದ ಮೂಳೆ ದಂತ ಕಾಲೇಜುಗಳಿಗೆ ಹೋಗುತ್ತದೆ. ಇದರ ತೊಂದರೆ ಒಂದೇ. ಎಲ್ಲ ಬಾಟಲಿಯೂ ಒಂದೇ ಥರ ಕೆಲಸ ಮಾಡುವುದಿಲ್ಲ. ದಾನಿಯ ವಯಸ್ಸು, ಸಂಸ್ಕರಿಸಿದ ರೀತಿ ನೋಡಿಕೊಂಡು ಅದರ ಶಕ್ತಿ ಬದಲಾಗುತ್ತದೆ.

ನಮ್ಮದೇ ಮೂಳೆ ಎಲ್ಲಕ್ಕಿಂತ ಒಳ್ಳೆಯದು ಅನ್ನೋ ಮಾತು ಇದೆ. ಜೀವಂತ ಕೋಶ ಇರುವುದು ಅದರಲ್ಲಿ ಮಾತ್ರ, ನಿಜ. ಆದರೆ ಗದ್ದದಿಂದಲೋ ಹಿಂದಿನ ದವಡೆಯಿಂದಲೋ ಕೆರೆದು ತರಲು ಇನ್ನೊಂದು ಗಾಯ ಮಾಡಬೇಕು. ಸಣ್ಣ ಗಾಯದ ಸರ್ಜರಿಗೆ ಹೋಗಿ ಎರಡು ಗಾಯ ಮಾಡಿಸಿಕೊಂಡು ಬಂದರೆ ಅದು ಯಾವ ಸೀಮೆಯ ಲೆಕ್ಕ?

ಸಣ್ಣ ಕಿಟಕಿಗೆ ಸ್ವಭಾವದಲ್ಲೇ ಹೊಂದುವ ಸಾಮಾನು ಎರಡು. ಒಂದು, ಎನಾಮೆಲ್ ಪ್ರೋಟೀನಿನ ಜೆಲ್. 1990ರ ದಶಕದಲ್ಲಿ ಸ್ವೀಡನ್‌ನಿಂದ ಎಮ್ಡೊಗೇನ್ ಹೆಸರಿನಲ್ಲಿ ಬಂತು. ಮೂಲ ಹಂದಿಮರಿಗಳ ಮೊಳೆಯುತ್ತಿರುವ ಹಲ್ಲು. ಸಿರಿಂಜ್‌ನಿಂದ ಹರಿದು ಮೂಲೆಮೂಲೆಗೆ ಹೋಗುತ್ತದೆ. ಹೊಸ ಕಟ್ಟು ಹುಟ್ಟಿಸುವ ಬಗ್ಗೆ ಮನುಷ್ಯರಲ್ಲೇ ಪುರಾವೆ ಇದೆ. ಆದರೆ ಜೆಲ್‌ಗೆ ಬೆನ್ನೆಲುಬಿಲ್ಲ. ಅಗಲವಾದ ಗುಂಡಿಯಲ್ಲಿ ಸೂರು ಕುಸಿದರೆ ತಡೆಯದು, ಆಗ ಹರಳಿನ ಜೊತೆ ಬೇಕು. ಬೆಲೆಯೂ ಜಾಸ್ತಿ.

ಎರಡನೆಯದು ಪಿಆರ್‌ಎಫ್, ಅಂದರೆ ಪ್ಲೇಟ್‌ಲೆಟ್ ರಿಚ್ ಫೈಬ್ರಿನ್. ಫ್ರಾನ್ಸಿನ ಜೋಸೆಫ್ ಶುಕ್ರೂನ್ 2001ರಲ್ಲಿ ಪರಿಚಯಿಸಿದ್ದು. ನಮ್ಮ ತೋಳಿನಿಂದ ಒಂದೆರಡು ಟ್ಯೂಬ್ ರಕ್ತ ತೆಗೆದು, ಏನೂ ಬೆರೆಸದೆ, ಯಂತ್ರದಲ್ಲಿ ಹತ್ತು ಹನ್ನೆರಡು ನಿಮಿಷ ಗರಗರ ತಿರುಗಿಸುತ್ತಾರೆ. ನಡುವೆ ಹಳದಿ ಜೆಲ್ಲಿಯಂಥ ಹೆಪ್ಪು ಸಿಗುತ್ತದೆ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನ ಅನುಜ್ ಶರ್ಮಾ ಮತ್ತು ಎ.ಆರ್. ಪ್ರದೀಪ್ 2011ರಲ್ಲಿ ಮೂರು ಗೋಡೆಯ ಗುಂಡಿಗಳಲ್ಲಿ ಇದನ್ನು ಬಳಸಿ, ಬರೀ ಫ್ಲ್ಯಾಪ್‌ಗಿಂತ ಮೂಳೆ ಬಹಳ ಚೆನ್ನಾಗಿ ತುಂಬಿತು ಎಂದು ವರದಿ ಮಾಡಿದರು. ಗಮನಿಸಿ, ಮೂರು ಗೋಡೆಯ ಗುಂಡಿ. ಮತ್ತೆ ಅದೇ ಗೋಡೆಯ ಮಾತಿಗೆ ಬಂದೆವು. ಪಿಆರ್‌ಎಫ್‌ನ ಒಂದು ಕಷ್ಟವೆಂದರೆ ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಯಂತ್ರ ಬೇರೆ, ವೇಗ ಬೇರೆ, ಟ್ಯೂಬ್ ಬೇರೆ. ಹಾಗಾಗಿ ಒಬ್ಬರ ಫಲಿತಾಂಶವನ್ನು ಇನ್ನೊಬ್ಬರದಕ್ಕೆ ಹೋಲಿಸುವುದು ಸುಲಭವಲ್ಲ. ಆದರೂ ನಮ್ಮಂಥ ಊರಿಗೆ ಇದು ಸಮಾಧಾನದ ಸಾಮಾನು. ಖರ್ಚು ಕಡಿಮೆ, ಹೊರಗಿನದ್ದು ಏನೂ ಇಲ್ಲ.

ಹೊರಗಿನದ್ದು ಅಂದಾಗ ನೆನಪಾಯಿತು. ದನ, ಹಂದಿ, ಸತ್ತ ಮನುಷ್ಯರ ಮೂಳೆ. ಶ್ರವಣಬೆಳಗೊಳ ಇರುವ ಜಿಲ್ಲೆ ನಮ್ಮದು. ಈರುಳ್ಳಿ, ಬೆಳ್ಳುಳ್ಳಿ ಮುಟ್ಟದವರು ಇಲ್ಲಿದ್ದಾರೆ. ಹಂದಿಯದ್ದು ಬೇಡವೇ ಬೇಡ ಅನ್ನುವ ಮುಸ್ಲಿಮರಿದ್ದಾರೆ. ಕೊಲಾಜನ್ ಎಂಬ ಪ್ರೋಟೀನಿನ ಮೆಂಬ್ರೇನ್‌ಗಳೂ ಹೆಚ್ಚಿನವು ದನ ಅಥವಾ ಹಂದಿಯವೇ. ಚಿಕಿತ್ಸೆಗೆ ಅಡ್ಡಿಯಿಲ್ಲ ಅಂತ ಎಷ್ಟೋ ಜನ ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಒಪ್ಪುವುದು ಬಿಡುವುದು ಅವರವರ ಇಷ್ಟ. ಆದರೆ ಮೂಲ ಹೇಳದೆ ಬರೀ ‘ಇಂಪೋರ್ಟೆಡ್’ ಅಂತ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಚಿಕ್ಕಮ್ಮ ಸಸ್ಯಾಹಾರಿ. ಅದು ಯಾವುದರ ಮೂಳೆ ಅಂತ ನಾನು ಹೇಳಿದಾಗ ಅವರ ಮುಖ ನೋಡಬೇಕಿತ್ತು.

ವಸಡು ಜಾರಿದರೆ

ಮೂಳೆಯಷ್ಟೇ ಅಲ್ಲ, ವಸಡು ಕೆಳಗೆ ಜಾರಿ ಬೇರು ಕಾಣಿಸುವವರಿಗೂ ಗ್ರಾಫ್ಟ್ ಮಾಡುತ್ತಾರೆ. ಅಲ್ಲಿ ಮಾತು ಸ್ವಲ್ಪ ಬೇರೆ. ಅಂಗುಳಿನ ಒಳಪದರದಿಂದ ತೆಗೆದ ತೆಳು ತುಂಡೇ ಇವತ್ತಿಗೂ ಎಲ್ಲಕ್ಕಿಂತ ಮೇಲು. ಬರ್ಟನ್ ಲ್ಯಾಂಗರ್ ಮತ್ತು ಲಾರೀನ್ ಲ್ಯಾಂಗರ್ 1985ರಲ್ಲಿ ವಿವರಿಸಿದ ವಿಧಾನ ಅದು. ಜೀವಂತ ತುಂಡಾದ್ದರಿಂದ ಇದನ್ನು ಕಸಿ ಅಂದರೆ ತಪ್ಪಿಲ್ಲ. ನೋವು ವಸಡಿಗಿಂತ ಅಂಗುಳಿಗೇ ಜಾಸ್ತಿ. ಅದನ್ನು ತಪ್ಪಿಸಲು ಹಂದಿಮೂಲದ ಕೊಲಾಜನ್ ಹಾಳೆ, ದಾನಿಗಳ ಚರ್ಮದಿಂದ ಮಾಡಿದ ಹಾಳೆ, ಪಿಆರ್‌ಎಫ್ ಎಲ್ಲ ಬಂದಿವೆ. 2012ರಲ್ಲಿ ಅಮೆರಿಕದ ಜಾನ್ ಚಾವ್ ಪ್ರಕಟಿಸಿದ ‘ಪಿನ್‌ಹೋಲ್’ ವಿಧಾನದಲ್ಲಿ ಸೂಜಿತೂತಿನಷ್ಟು ರಂಧ್ರದಿಂದಲೇ ವಸಡನ್ನು ಸಡಿಲಿಸಿ ಬೇರು ಮುಚ್ಚುವ ಹಾಗೆ ಎಳೆದು ಒಳಗೆ ಕೊಲಾಜನ್ ಪಟ್ಟಿ ಇಡುತ್ತಾರೆ. ಹಲ್ಲುಗಳ ನಡುವಿನ ಮೂಳೆ ಗಟ್ಟಿ ಇದ್ದರೆ ಬೇರು ಪೂರ್ತಿ ಮುಚ್ಚುವ ಆಸೆ ಇಟ್ಟುಕೊಳ್ಳಬಹುದು. ಅದು ಕರಗಿದ್ದರೆ ಯಾವ ಹಾಳೆಯೂ ಪೂರ್ತಿ ಮುಚ್ಚದು. ವಸಡು ತೆಳುವಾಗಿರುವವರಿಗೆ ಅಂಗುಳಿನ ತುಂಡೇ ವಾಸಿ, ನಾಲ್ಕು ದಿನ ಗಂಜಿ ಕುಡಿದರಾಯಿತು.

ಇನ್ನು ನಮ್ಮ ಕಡೆಯ ಒಂದು ವಿಷಯ. ಅರಕಲಗೂಡು, ರಾಮನಾಥಪುರದ ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ, ರಾಮನಾಥಪುರದಲ್ಲಿ ಹರಾಜು ಕಟ್ಟೆಯೂ ಇದೆ. ಬೆಳೆಯದ ಊರಲ್ಲೂ ಎಲೆಅಡಿಕೆ ಜೊತೆ ಹೊಗೆಸೊಪ್ಪು, ಬೀಡಿ ಮಾಮೂ­ಲಿ. ಬೀಡಿ ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಬರುತ್ತದೆ. ಹಾಗಾಗಿ ಕಾಯಿಲೆ ಗೊತ್ತೇ ಆಗುವುದಿಲ್ಲ. ಸರ್ಜರಿ ಆದ ಮೇಲೂ ಹೆಪ್ಪು ಸರಿಯಾಗಿ ಮಾಗುವುದಿಲ್ಲ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯೂ ಹಾಗೇ. ಸೇದುವುದನ್ನು ಬಿಡದವರಿಗೆ ಇಂಪೋರ್ಟೆಡ್ ಹರಳು ಹಾಕುವುದು ಸೋರುವ ಕೆರೆಗೆ ಬಣ್ಣದ ಮೆಟ್ಟಿಲು ಕಟ್ಟಿದ ಹಾಗೆ. ಆ ದುಡ್ಡಿನಲ್ಲಿ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಬಹುದು.

‘ಇಷ್ಟೆಲ್ಲ ಯಾಕೆ, ಕಿತ್ತು ಇಂಪ್ಲಾಂಟ್ ಹಾಕಿಸಿ’ ಅನ್ನೋರೂ ಸಿಗುತ್ತಾರೆ. ಬೇರಿನ ತುದಿಯವರೆಗೂ ಕಟ್ಟು ಕಳಚಿದ, ಎಲ್ಲರೂ ಕೈಬಿಟ್ಟ ಹಲ್ಲುಗಳ ಮೇಲೆ ಕೊರ್ಟೆಲ್ಲಿನಿ ತಂಡ 10 ವರ್ಷದ ಹೋಲಿಕೆ ಮಾಡಿ 2020ರಲ್ಲಿ ಪ್ರಕಟಿಸಿತು. 50 ಜನರಲ್ಲಿ 25 ಜನರಿಗೆ ಹಲ್ಲು ಉಳಿಸುವ ಸರ್ಜರಿ, 25 ಜನರಿಗೆ ಕಿತ್ತು ಇಂಪ್ಲಾಂಟ್ ಅಥವಾ ಬ್ರಿಡ್ಜ್. ಉಳಿಸಿದ ಹಲ್ಲುಗಳಲ್ಲಿ 88 ಶೇಕಡಾ 10 ವರ್ಷದ ನಂತರವೂ ಬಾಯಲ್ಲೇ ಇದ್ದವು. ಆಮೇಲೆ ಬಂದ ತೊಂದರೆಗಳಿಗೆ ಖರ್ಚಾದದ್ದೂ ಕಡಿಮೆ. ಇದೂ ಸಣ್ಣ ಪ್ರಯೋಗವೇ, ಪಳಗಿದ ಕೈಗಳದ್ದೇ. ಆದರೆ ಅಲ್ಲಾಡುವ ಹಲ್ಲನ್ನೆಲ್ಲ ಕಿತ್ತುಬಿಡಿ ಅನ್ನುವವರಿಗೆ ತೋರಿಸಲು ಸಾಕು.

ಹಾಗಾಗಿ ಆ ಚೀಟಿಯನ್ನು ಬದಿಗಿಟ್ಟೆವು. ವಿದ್ಯಾನಗರದಲ್ಲಿ ಶ್ರೀ ಹಾಸನಾಂಬ ದಂತ ಕಾಲೇಜು ಇದೆ, ದಂತ ಕಾಲೇಜು ಎಂದರೆ ವಸಡಿಗೇ ಒಂದು ವಿಭಾಗ ಇರುತ್ತದೆ. ಖಾಸಗಿಯಾಗಿ ಕೂರುವ ವಸಡು ತಜ್ಞರೂ ಸಿಗುತ್ತಾರೆ. ಚಿಕ್ಕಮ್ಮನಿಗೆ ಪರಿಚಯದವರು ಹೇಳಿದ ಒಬ್ಬ ತಜ್ಞೆ ಸಿಕ್ಕರು. ಅವರು ಮೊದಲು ಪ್ರತಿ ಹಲ್ಲಿಗೂ ಆರು ಕಡೆ ಕಡ್ಡಿ ಇಟ್ಟು ಅಳೆದು ಬರೆದರು. ಅಲ್ಲಾಡುವ ಹಲ್ಲಿನ ಪಕ್ಕ 8 ಮಿಲಿಮೀಟರ್. ಎರಡು ಸಲ ಆಳವಾದ ಕ್ಲೀನಿಂಗ್. ಹಲ್ಲುಸಂದಿಗೆ ಹಾಕುವ ಪುಟ್ಟ ಬ್ರಷ್ ಹಿಡಿಯೋದು ಹೇಗೆ ಅಂತ ಕನ್ನಡಿ ಮುಂದೆ ನಿಲ್ಲಿಸಿ ಕಲಿಸಿದರು. ಮೂರು ತಿಂಗಳು ಬಿಟ್ಟು ಅಳೆದಾಗ ಉಳಿದ ಕಡೆಗಳೆಲ್ಲ 4ರ ಒಳಗೆ ಬಂದಿದ್ದವು. ಆ ಒಂದು ಜಾಗ ಮಾತ್ರ 6ಕ್ಕೆ ನಿಂತಿತ್ತು. ಬುಡದಲ್ಲಿ ಮೂರು ಗೋಡೆ, ಮೇಲೆ ಎರಡು, ಕಿರಿದಾದ ಗುಂಡಿ.

ಸರ್ಜರಿ ಒಂದೇ ಹಲ್ಲಿಗೆ, ಮುಕ್ಕಾಲು ಗಂಟೆ. ಒಳಗೆ ಅವರದೇ ರಕ್ತದ ಪಿಆರ್‌ಎಫ್ ತುಂಡು, ಮೇಲೆ ಎರಡು ಹೊಲಿಗೆ. ‘ಆರು ತಿಂಗಳು ಯಾರೂ ಅಲ್ಲಿ ಕಡ್ಡಿ ಹಾಕಬಾರದು, ನಾನೂ ಹಾಕಲ್ಲ’ ಅಂದರು ತಜ್ಞೆ. ಒಂಬತ್ತು ತಿಂಗಳ ಎಕ್ಸ್‌ರೇಯಲ್ಲಿ ಕಪ್ಪು ಗುಂಡಿಯ ಕೆಳಗಿನ ಅರ್ಧ ಬೂದು ಬಣ್ಣಕ್ಕೆ ತಿರುಗಿದೆ. ಪಾಕೆಟ್ 4ಕ್ಕೆ ಇಳಿದಿದೆ.

ಹಲ್ಲು ಇನ್ನೂ ಒಂಚೂರು ಅಲ್ಲಾಡುತ್ತದೆ. ಅಕ್ಕಿ ರೊಟ್ಟಿಯನ್ನು ಈಗ ಆ ಕಡೆಯಲ್ಲೇ ಅಗಿಯುತ್ತಾರೆ, ಚಕ್ಕುಲಿ ಮಾತ್ರ ಇನ್ನೂ ಈ ಕಡೆ. ಮುಂದಿನ ಕ್ಲೀನಿಂಗ್‌ಗೆ ಕಾಫಿ ಕೊಯ್ಲು ಮುಗಿದ ಮೇಲೆ ಬರ್ತೀನಿ ಅಂದರು ಚಿಕ್ಕಮ್ಮ. ತಜ್ಞೆ ಒಪ್ಪಲಿಲ್ಲ. ಡಿಸೆಂಬರ್‌ನಲ್ಲೇ ಬರಬೇಕಂತೆ.